ಆರನೆಯ ಬಟ್ಟೆ

ಅರಸೀಕೆರೆಯ ಹನ್ನೊಂದು ಬೀದಿಗೆ
ನೀರು ಬಿಡುವವ ನಾನು.
ಯಾವ ವಾಲ್ವಿಗೆ ಎಷ್ಟು ಸುತ್ತು, ಎಷ್ಟು ಹೊತ್ತು,
ಬೇಸಿಗೆಯಲ್ಲಿ ಯಾರ ಮನೆಯ ನಲ್ಲಿ ಮೊದಲು ಸೀನುತ್ತದೆ,
ಹೇಮಾವತಿ ತಡವಾದರೆ
ಬೈಗುಳ ಯಾವ ದಿಕ್ಕಿನಿಂದ ಬರುತ್ತದೆ,
ಎಲ್ಲ ಬರೆದಿಟ್ಟ ಪುಸ್ತಕವಿದೆ.

ಅದರ ಹಿಂದಿನ ಹಾಳೆಯಲ್ಲಿ ಈಗ ಇನ್ನೊಂದು ಲೆಕ್ಕ:
ನಾಲ್ಕೂವರೆ, ಒದ್ದೆ.
ಏಳು ಹತ್ತು, ಒದ್ದೆ, ಸ್ವಲ್ಪ.
ಆಮೇಲೆ ಬರೀ ಗೆರೆ.

ಹುಟ್ಟಿ ಎಂಟು ದಿನ.
ಆಶಾ ರುದ್ರಾಣಿ ಹೇಳಿ ಹೋಗಿದ್ದಾರೆ,
ದಿನಕ್ಕೆ ಆರು ಬಟ್ಟೆಯಾದರೂ ನೆನೆಯಬೇಕು,
ಕಡಿಮೆಯಾದರೆ ಫೋನ್ ಮಾಡಿ.
ಎದೆಹಾಲಷ್ಟೇ. ಒಂದು ಹನಿ ನೀರೂ ಬೇಡ.

ಒಂದು ಹನಿಯೂ.
ನೀರುಗಂಟಿಯ ಮನೆಯಲ್ಲಿ.

ಅತ್ತೆಗೆ ನಂಬಿಕೆಯಿಲ್ಲ.
"ಈ ಸೆಕೆಗೆ ಕಾಗೆಗೂ ತಟ್ಟೇಲಿ ನೀರಿಡ್ತೀವಿ,
ಕೂಸಿಗೆ ಬ್ಯಾಡ್ವಂತೆ!"
ಸಕ್ಕರೆ ನೀರಿನ ಒಳಲೆ ಹಿಡಿದು
ಬಾಗಿಲಲ್ಲೇ ನಿಂತಿದ್ದಾಳೆ.
ನೇತ್ರಾ ಮಾತಾಡುವುದಿಲ್ಲ,
ಗೋಡೆಗೆ ತಿರುಗಿ
ಮತ್ತೆ ಎದೆಗೆ ಹಚ್ಚಿಕೊಳ್ಳುತ್ತಾಳೆ.

ಮೊನ್ನೆ ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯಂಥ ಕಲೆ.
ರಕ್ತವೆಂದುಕೊಂಡು ಬಟ್ಟೆ ಹಿಡಿದೇ ಆಸ್ಪತ್ರೆಗೆ ಓಡಿದೆ,
ಚಪ್ಪಲಿ ಮರೆತು.
ರಕ್ತ ಅಲ್ಲ, ಹಾಲು ಸಾಲುತ್ತಿಲ್ಲ, ಎಂದರು.
ನಿದ್ದೆಯಲ್ಲಿದ್ದರೂ ಎಬ್ಬಿಸಿ ಕುಡಿಸಬೇಕು,
ಅಂಗಾಲು ಕೆರೆದರೆ ಏಳುತ್ತದೆ, ಹೀಗೆ, ಎಂದು ತೋರಿಸಿದರು.
ಅಷ್ಟು ಸಣ್ಣ ಕಾಲಿಗೆ ನನ್ನ ಬೆರಳು
ವಾಲ್ವ್ ತಿರುಪುವ ಕಬ್ಬಿಣದಷ್ಟು ದಪ್ಪ.

ಮಧ್ಯಾಹ್ನ. ಶೀಟಿನ ಮಾಡು ಕಾದು ಟಕ್ಕೆನ್ನುತ್ತದೆ.
ನೆತ್ತಿ ಮುಟ್ಟುತ್ತೇನೆ: ಕುಳಿ ಬಿದ್ದಿಲ್ಲ, ಮಿಡಿಯುತ್ತಿದೆ.
ತುಟಿ ನೋಡುತ್ತೇನೆ: ಒಣಗಿಲ್ಲ.
ಅತ್ತರೆ ಸಾಕು, ದನಿ ಗಟ್ಟಿಯಿದೆಯೆಂದು ಹಿಗ್ಗುತ್ತೇನೆ.
ಎಲ್ಲಿ ಸೋರುತ್ತಿದೆಯೆಂದು
ಹನ್ನೆರಡು ವರ್ಷ ನೆಲಕ್ಕೆ ಕಿವಿಯಿಟ್ಟವನು
ಸೋರಲಿ, ಸೋರಲಿ ಎಂದು
ಮಗಳ ಪಕ್ಕ ಕೂತಿದ್ದೇನೆ.

ಸಂಜೆಗೆ ನಾಲ್ಕು. ದೀಪ ಹಚ್ಚಿದ ಮೇಲೆ ಐದು.
ಏಳಕ್ಕೆ ಸಂತೆಮೈದಾನದ ಸರದಿ, ಹೋಗಿ ತಿರುಪಿ ಬಂದೆ.
ಎಷ್ಟು ಸುತ್ತು ಎಣಿಸಿದೆನೋ,
ಎಣಿಸಲಿಲ್ಲವೋ.
ಆ ಬೀದಿಯವರು ಇವತ್ತು
ಹಂಡೆ ತುಂಬಿಸಿಕೊಂಡು ಹೊಗಳಿರಬೇಕು.

ಹನ್ನೆರಡಕ್ಕೆ ಹತ್ತು ನಿಮಿಷ.
ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ
ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುತ್ತಿದೆ.
ನೇತ್ರಾ ಕೂತಲ್ಲೇ ತೂಕಡಿಸಿದ್ದಾಳೆ.
ಬಟ್ಟೆ ಬಿಚ್ಚಿ ನೋಡಿದೆ, ಒಣಗಿದೆ.
ಇನ್ನೊಂದು ಸುತ್ತಬೇಕೆಂದು ಹಾಗೇ ಎತ್ತಿಕೊಂಡೆ.

ಜೇಬಿನ ಕೆಳಗೆ ಏನೋ ಬೆಚ್ಚಗಾಯಿತು.
ಖಾಕಿಯ ಮೇಲೆ ಅಂಗೈಯಗಲ ಹರಡಿ,
ಹೊಟ್ಟೆಗಿಳಿದು,
ಪಂಚೆಯ ಗಂಟಿನಲ್ಲಿ ನಿಂತಿತು.
ಅಲುಗಾಡದೆ ನಿಂತೆ, ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಬಟ್ಟೆಯಲ್ಲ, ಅಂಗಿ. ಲೆಕ್ಕಕ್ಕೆ ಬರುತ್ತದೆಯೇ?
ರುದ್ರಾಣಿಯ ನಂಬರು ಒತ್ತಿದವನು
ಗಡಿಯಾರ ನೋಡಿ ಕಟ್ ಮಾಡಿದೆ.

ಅಡುಗೆಮನೆಯ ಕತ್ತಲಲ್ಲಿ
ಒಳಲೆ ತೊಳೆದು ಬೋರಲು ಹಾಕಿದ ಸದ್ದು.
"ಬರ್ಕೊಳ್ಳಪ್ಪ," ಎಂದಳು ಅತ್ತೆ,
"ಹನ್ನೆರಡು ಹೊಡೆಯೋದ್ರೊಳಗೆ."