ನಾಲ್ಕು ಗಂಟೆಯ ಮೇಲೆ

ಮಥಾರೆಯ ನಮ್ಮ ತಗಡಿನ ಮನೆಯಿಂದ
ಕಕ್ಕಸಿಗೆ ನೂರಾ ತೊಂಬತ್ತು ಹೆಜ್ಜೆ.
ಎಣಿಸಿದ್ದು ನಾನಲ್ಲ, ಅಕ್ಕ.
ನನಗೆ ಎಣಿಸುವ ದರ್ದಿರಲಿಲ್ಲ;
ಗಂಡುಹುಡುಗನಿಗೆ ಯಾವ ಗೋಡೆಯಾದರೂ ಸರಿ,
ಕತ್ತಲೂ ಒಂದು ಗೋಡೆ.

ಕಳೆ ಕೀಳುವ ಕಾಲಕ್ಕೆ ಹುಟ್ಟಿದವಳು ನಲಿಯಾಕಾ,
ಬರಗಾಲಕ್ಕೆ ಹುಟ್ಟಿದವನು ನಾನು, ವಂಜಾಲಾ.
ನೈರೋಬಿಗೆ ಬಂದ ಮೇಲೂ ಅವ್ವ
ಹಳ್ಳಿಯ ಹಂಗಾಮುಗಳನ್ನೇ
ನಮ್ಮ ಹೆಸರಲ್ಲಿ ಕೂಗುತ್ತಿದ್ದಳು.
ಹೊಲವಿಲ್ಲ, ಕಳೆಯಿಲ್ಲ,
ಬರ ಮಾತ್ರ ವಿಳಾಸ ಕೇಳಿಕೊಂಡು ಬಂದಿತ್ತು.

ಹತ್ತರ ತನಕ ಅಕ್ಕ ನನಗಿಂತ ಜೋರು.
ನದಿದಂಡೆಯಲ್ಲಿ ಬಾಟಲಿ ಆಯುವುದರಲ್ಲಿ,
ಪ್ಲಾಸ್ಟಿಕ್ ಸುತ್ತಿ ಹುರಿಯಿಂದ ಬಿಗಿದ ಚೆಂಡನ್ನು
ಎರಡು ಕಲ್ಲುಗಳ ನಡುವೆ ತೂರಿಸುವುದರಲ್ಲಿ.
ಹನ್ನೊಂದಕ್ಕೆ ನದಿ ಬೇಡವೆಂದಾಯಿತು.
ಹನ್ನೆರಡಕ್ಕೆ ಮೈದಾನ.
ಆಮೇಲೆ ಭಟ್ಟಿ ಸಾರಾಯಿಯ ಓಣಿ,
ಆಮೇಲೆ ಬಾಗಿಲ ಮುಂದಿನ ಕಲ್ಲು ಕೂಡ.
ಮೈ ಬೆಳೆದಷ್ಟೂ ಊರು ಕಿರಿದಾಯಿತು ಅವಳಿಗೆ;
ನನಗೆ, ಚಪ್ಪಲಿ ಹರಿಯುವಷ್ಟು ದೊಡ್ಡದಾಯಿತು.

ಬೇಡವೆಂದವರು ಯಾರೆಂದು ಕೇಳಬೇಡಿ.
ಯಾರೂ ಗದರಲಿಲ್ಲ.
ಈಸ್ಟ್‌ಲೀಯಲ್ಲಿ ಯಾರ್ಯಾರದೋ ಬಟ್ಟೆ ಒಗೆದು ಬಂದ ಅವ್ವ
ನೀರಿಗೆ ಬಿರಿದ ಬೆರಳು ನೋಡಿಕೊಳ್ಳುತ್ತಾ
ಅಂದದ್ದಿಷ್ಟೇ:
"ನೀನು ಒಳಗಿದ್ದರೆ ನನ್ನ ಕೈ ಕೆಲಸ ಮಾಡುತ್ತೆ, ಮಗಳೇ."

ಇಪ್ಪತ್ತು ಲೀಟರಿನ ಹಳದಿ ಕ್ಯಾನು ಮಾತ್ರ
ಈ ಕಟ್ಟಳೆಗೆ ಹೊರತು.
ನೀರಿಗೆ ಅವಳೇ ಹೋಗಬೇಕು.

ರಾತ್ರಿ ನನ್ನ ಹೆಗಲು ಅಲುಗಿಸುತ್ತಿದ್ದಳು:
"ಏಳೋ, ಬಾ."
ಹನ್ನೊಂದರ ಪೋರ ನಾನು, ಅವಳಿಗಿಂತ ಗೇಣು ಗಿಡ್ಡ.
ಆದರೂ ಗಂಡು ನೆರಳು. ಅದಕ್ಕೊಂದು ಬೆಲೆಯಿತ್ತು.
ವಸೂಲು ಮಾಡಿದೆ:
ಬೆಳಗಿನ ಮಂದಾಜಿಯಲ್ಲಿ ಅರ್ಧ.
ತಿಂಗಳ ಆ ದಿನಗಳಲ್ಲಿ, ಎರಡೆರಡು ಸಲ ಹೋಗಬೇಕಾದಾಗ,
ಇಡೀ ಮಂದಾಜಿ.
ಎಣ್ಣೆಯಲ್ಲಿ ಉಬ್ಬಿದ ಆ ಬಿಸಿ ಹಿಟ್ಟು
ಇನ್ನೂ ನಾಲಿಗೆಯ ಮೇಲಿದೆ. ಸುಳ್ಳೇಕೆ,
ರುಚಿಯಾಗಿತ್ತು.

ಒಂದು ರಾತ್ರಿ ನಾನು ಏಳಲಿಲ್ಲ.
ಎಚ್ಚರವಿತ್ತು. ಆಡಿ ಆಡಿ ಕಾಲು ನೋಯುತ್ತಿತ್ತು,
ಗೊರಕೆ ನಟಿಸಿದೆ.
ಎರಡು ಸಲ ಅಲುಗಿಸಿದಳು. ಮೂರನೆಯ ಸಲ
ಕೈ ಹೆಗಲ ಮೇಲೆ ಬಂತು, ಸುಮ್ಮನೆ ನಿಂತಿತು, ಹೋಯಿತು.
ಚಿಲಕದ ಸದ್ದಾಗಲಿಲ್ಲ.
ಬೆಳಗಾಗುವ ತನಕ ಮೊಣಕಾಲು ತಬ್ಬಿಕೊಂಡು
ಬಾಗಿಲಿಗೆ ಮುಖ ಮಾಡಿ ಕೂತಿದ್ದಳು.
ರೆಪ್ಪೆಯ ಸಂದಿಯಿಂದ ನೋಡಿದೆ.
ನೋಡಿ, ನಿದ್ದೆ ಹೋದೆ.

ಆಮೇಲೆ ಅವಳು ಕರೆಯಲೇ ಇಲ್ಲ.
ಸಂಜೆ ನಾಲ್ಕರ ಮೇಲೆ ನೀರು ಮುಟ್ಟುವುದು ಬಿಟ್ಟಳು.
ಲೆಕ್ಕದಲ್ಲಿ ಎತ್ತಿದ ಕೈ ಅವಳದು, ಇದನ್ನೂ ಮಾಡಿದಳು:
ಎಷ್ಟು ಗುಟುಕಿಗೆ ಎಷ್ಟು ಗಂಟೆ,
ಚಳಿಯಿದ್ದರೆ ಇಷ್ಟು ಕೂಡು,
ಊಟಕ್ಕೆ ಸಾರಿದ್ದರೆ ಅದನ್ನು ಬಿಟ್ಟೇಬಿಡು.
ಟೀಚರು ಅದಕ್ಕೆ ಅಂಕ ಕೊಡಲಿಲ್ಲ;
ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬಿದ್ದ ದಿನ
ಮನೆಗೆ ಕಳಿಸಿದರು.
ಮಂದಾಜಿ ಈಗ ಇಡಿಯಾಗಿ ಅವಳದು.
ನನಗೆ ಸಿಟ್ಟು ಬಂದದ್ದು ಅದಕ್ಕೆ.

ಈಗ ನನ್ನದು ಮೂರನೆಯ ಮಹಡಿ.
ಹಾಸಿಗೆಯಿಂದ ಒಂಬತ್ತು ಹೆಜ್ಜೆ, ಒಳಗಿನಿಂದ ಚಿಲಕ.
ಎಣಿಸಿದ್ದೇನೆ.
ಭಾನುವಾರ ಅಕ್ಕ ಬರುತ್ತಾಳೆ,
ಕಾಂಪೌಂಡಿನಲ್ಲಿ ನನ್ನ ಮಗಳ ಜೊತೆ ಚೆಂಡಾಡುತ್ತಾಳೆ,
ಗೋಲಿಗಾಗಿ ಜಗಳ ಕಾಯುತ್ತಾಳೆ, ಬೆವರುತ್ತಾಳೆ.
ಮೆಟ್ಟಿಲು ಹತ್ತಿ ಬಂದ ಮಗಳು
ಗ್ಲಾಸಿನ ತುಂಬ ನೀರು ಹಿಡಿದು, "ಅತ್ತೆ, ಕುಡಿ."
ಅಕ್ಕ ಗೋಡೆಯ ಗಡಿಯಾರ ನೋಡುತ್ತಾಳೆ.
ನಾಲ್ಕೂ ಹತ್ತು.
ತುಟಿಯಷ್ಟೇ ಒದ್ದೆ ಮಾಡಿಕೊಂಡು
ಗ್ಲಾಸನ್ನು ನನ್ನ ಕಡೆ ಸರಿಸುತ್ತಾಳೆ.

ನಾನು ಕುಡಿಯುತ್ತೇನೆ. ಪೂರ್ತಿ.