ಅರವತ್ತೇಳು

ಮೊದಲೇ ಹೇಳಿಬಿಡುತ್ತೇನೆ, ಸೋತದ್ದು ನಾನು.

ಕಾರ್ಡಿಗೆ ಹದಿನೈದು ಪೈಸೆ ಇದ್ದ ಕಾಲ.
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಟರ್ನರ್,
ಕಾರ್ಗಲ್ಲಿನಾಚೆ ಪವರ್ ಹೌಸಿನಲ್ಲಿ ಲಿಗೋರಿ ಲೋಬೊ.
ಮುಖ ನೋಡಿದವರಲ್ಲ. ನಡೆಗೊಂದು ಕಾರ್ಡು,
ಹೋಗಲು ನಾಲ್ಕು ದಿನ, ಬರಲು ನಾಲ್ಕು,
ನಡುವೆ ತಲೆ ಕೆರೆದುಕೊಳ್ಳಲು ಮೂರು.

ಇಂಥ ನಿಧಾನದಲ್ಲಿ ನಾನು ಹಿಡಿದದ್ದು ಮಚ್ಚಿನಂಥ ಆರಂಭ:
ಎರಡನೇ ನಡೆಗೇ ರಾಜನ ಮಗ್ಗುಲಿನ ಒಂಟೆಯ ಕಾಲಾಳನ್ನು
ತಗೋ, ತಿನ್ನು ಅನ್ನುವುದು.
ಎದುರೆದುರು ಕೂತು ಆಡಿದರೆ ಚಾ ಆರುವುದರೊಳಗೆ
ಯಾರದಾದರೂ ಕತ್ತು ಹೋಗಿರುತ್ತದೆ.
ನಾನು ಯುಗಾದಿಗೆ ಎತ್ತಿದ ಕತ್ತಿ
ಇಳಿದದ್ದು ಕಾರಹುಣ್ಣಿಮೆಗೆ.

ಬರೆಯುವುದು ಅಂಕಿಯಲ್ಲಿ. ಯಾವ ಮನೆಯಿಂದ, ಯಾವ ಮನೆಗೆ.
7567: ಹಿಂದೆ ದಾರಿಯಿಲ್ಲದ ನನ್ನ ಕುದುರೆ ಮುಂದಕ್ಕೇ ಹಾರಿತು.
5867: ಅವನ ರಾಜನೇ ಹೊಸಿಲು ದಾಟಿ ಬಂದು ತಿಂದ.

ಕಾರ್ಡು ಅಂದರೆ ಊರ ಬಾವಿ, ಯಾರೂ ಇಣುಕಬಹುದು.
ಪೋಸ್ಟ್‌ಮನ್ ಕರಿಬಸಪ್ಪ ಎರಡನ್ನೂ ಓದಿದ.
ಎರಡರ ಬಾಲದಲ್ಲೂ ಅರವತ್ತೇಳು!
ಸಂಜೆ ಓಸಿಯವನ ಹತ್ತಿರ ಎರಡು ರೂಪಾಯಿ ಕಟ್ಟಿದ.
ಬಂತು.
ಮಾರನೇ ದಿನ ಖಾರ ಮಂಡಕ್ಕಿಯ ಪೊಟ್ಟಣ ಕೈಗಿಟ್ಟು
"ಯಾವ ದೇವ್ರು ಸಾರ್, ನಂಬರ್ ಕೊಡೋದು?" ಅಂದ.
ದೇವರಲ್ಲ, ಕುದುರೆ, ಅಂದೆ.
"ಓ, ರೇಸಾ?"

ರಾತ್ರಿ ಹಲಗೆಯ ಮೇಲೆ ನೇತಾಡುವ ಬಲ್ಬು
ಒಮ್ಮೊಮ್ಮೆ ಕುಗ್ಗುತ್ತಿತ್ತು. ಲೋಬೊನ ಶಿಫ್ಟು ಇರಬೇಕು,
ನನ್ನ ಮಂತ್ರಿಯನ್ನೇ ನೋಡುತ್ತ
ಏನನ್ನೋ ತಿರುಗಿಸುವುದು ಮರೆತಿರಬೇಕು.
ಅವನು ಕಳಿಸಿದ ಬೆಳಕಿನಲ್ಲೇ
ಅವನ ರಾಜನನ್ನು ಅಟ್ಟುತ್ತಿದ್ದೆ.

ಸಿಗಲಿಲ್ಲ. ಬಟ್ಟಬಯಲಲ್ಲಿ ಆ ರಾಜ
ಸಂತೆಗೆ ಹೊರಟವನ ಹಾಗೆ ನಡೆದ, ಒಂದೊಂದೇ ಮನೆ.
ತಿಂದರೆ ಹೀಗೆ, ಬಿಟ್ಟರೆ ಹಾಗೆ, ಸರಿದರೆ ಇನ್ನೂ ಹೀಗೆ ಎಂದು
ವಿಳಾಸದ ಅಂಚಿನವರೆಗೂ ಬರೆದು ಕಳಿಸಿದೆ.
ನನ್ನ ಒಂದು 'ರೆ'ಯ ಒಳಗೂ ಅವನು ಕಾಲಿಡಲಿಲ್ಲ.
ಅವಸರ ನನ್ನದಿತ್ತು,
ಅಂಚೆ ಅವನ ಕಡೆಗಿತ್ತು.

ಮರುವರ್ಷ, ಮೂವತ್ತೊಂದನೇ ನಡೆಯ ಜಾಗದಲ್ಲಿ ಬರೆದೆ:
ಲೋಬೊ ಅವರೇ, ಸೋತೆ. ಕುದುರೆ ಕೊಟ್ಟದ್ದಕ್ಕೆ ಬೇಸರವಿಲ್ಲ.

ಕರಿಬಸಪ್ಪ ಕಾರ್ಡು ಇಸಿದುಕೊಂಡು ತಿರುಗಿಸಿದ,
ಬಿಸಿಲಿಗೆ ಹಿಡಿದ, ಮತ್ತೆ ತಿರುಗಿಸಿದ.
"ನಂಬರೇ ಇಲ್ವಲ್ಲ ಸಾರ್."