ತಂಬೂರಿಬಾಯಿ

ನನಗ ಬರೂದು ತಿಕೋಟಾದ ಕನ್ನಡ ಒಂದಽ.
ಬುಕ್ಕಿನ ಕನ್ನಡ ಬರಂಗಿಲ್ಲ, ಹೊಟ್ಟ್ಯಾಗ ಹಾಕ್ಕೋರಿ.

ಹೆಸರು ತಮಾರ್. ಚಂಪವ್ವನ ನಾಲಿಗಿ ಮ್ಯಾಲ
ಅದು ನಿಲ್ಲಲಿಲ್ಲ. ಎರಡು ಸರ್ತಿ ಹೊರಳಿಸಿ ನೋಡಿ
ಮೂರನೇದಕ್ಕ "ತಂಬೂರಿ" ಅಂದು ಚಾ ಸೋಸಿದಳು.
ಕಿವಿ ಕೇಳದ ಹುಡುಗೂರ ಸಾಲಿಗೆ ಬಂದಾಕಿ
ತಂಬೂರಿಬಾಯಿ!
ಓಣಿಗೆ ಓಣಿನಽ ನಕ್ಕಿತು.
ನನಗ ತಿಳಿಯಾಕ ಎರಡು ತಿಂಗಳ ಬೇಕಾತು.
ತಿಳಿದ ರಾತ್ರಿ ಮಾಳಗಿ ಮ್ಯಾಲ ಒಬ್ಬಾಕಿನಽ ಕುಂತು
ಎರಡು ತಿಂಗಳ ತಂಗಳ ನಗಿ ನಕ್ಕೆ.

"ಪಗಾರ ಎಷ್ಟು?" ಚಂಪವ್ವ ಕೇಳಿದ್ದು.
"ಪಗಾರ ಇಲ್ಲ."
"ಪಗಾರ ಇಲ್ದ ಏಳು ಸಮುದ್ರ ದಾಟಿ ಯಾಕ ಬಂದಿ?"
ನಮ್ಮ ದೇಶದಾಗ, ಹೊಂಡೂ ಮುಂದ,
ಇದಕ್ಕ ಉತ್ತರ ಎರಡು ಹಾಳಿ ಬರದು ಕೊಟ್ಟಿದ್ದೆ.
ಒಂದು ಸಾಲೂ ನೆನಪಾಗಲಿಲ್ಲ.
"ರೊಟ್ಟಿ ಬಿಸಿ ಅದ," ಅಂದೆ.
ಆಕಿ ಇನ್ನೊಂದು ಹಾಕಿದಳು. ಅಗಸಿ ಹಿಂಡಿ, ಮ್ಯಾಲ ಎಣ್ಣಿ.

ನನ್ನ ಕೆಲಸ ಇಷ್ಟಽ:
ಗುಲಾಬಿ ಬಣ್ಣದ ಮೇಣದಂಥಾದ್ದು ನಾದಿ
ಕಿವ್ಯಾಗ ತುಂಬಿ, ಗಟ್ಟಿ ಆದಮ್ಯಾಲ ಹಗೂರಕ ತಗಿಯೂದು.
ಮಶಿನ್ ಕೂಡೂ ಅಚ್ಚು ಅದು.
ಇಪ್ಪತ್ತಾರು ಹುಡುಗೂರು, ಐವತ್ತೆರಡು ಕಿವಿ.
ತಪ್ಪಿದೆ, ಐವತ್ತೊಂದು.
ರೇವಣಸಿದ್ಧ ಎಡಗಿವಿ ಮುಟ್ಟಗೊಡಂಗಿಲ್ಲ.
ಯಾಕಂತ ಅವ ಹೇಳಿಲ್ಲ; ನಾ ಕೇಳಿಲ್ಲ.

ಹುಡುಗೂರು ಇಟ್ಟ ಹೆಸರು ಬ್ಯಾರೆ:
ಎರಡು ಬಟ್ಟಲೆ ಗದ್ದ ಚಿವುಟಿದ್ರ ಅದು ನಾನು,
ನನ್ನ ಗದ್ದದ ಮಚ್ಚಿ.
ಬಸ್ ಸ್ಟ್ಯಾಂಡಿನ ಆ ಕಡಿಂದ,
ಟಂಟಂ, ಲಾರಿ, ಬಾಳಿಹಣ್ಣಿನವನ ಕೂಗು,
ಎಲ್ಲಾ ಗದ್ದಲದ ತಲಿ ಮ್ಯಾಲ ಹಾಯ್ದು
ಆ ಹೆಸರು ಬಂದು ಮುಟ್ಟತದ.
ನಮ್ಮೂರಾಗ ಇಷ್ಟು ದೂರದಿಂದ
ನನ್ನ ಯಾರೂ ಕರದಿಲ್ಲ.

ಸಿಕ್ಕವರೆಲ್ಲ ಕೇಳ್ತಾರ, "ಗೋಳಗುಮ್ಮಟ ನೋಡಿದ್ರಿಲ್ಲ?
ಒಮ್ಮೆ ಕೂಗಿದ್ರ ಏಳು ಸರ್ತಿ ಕೇಳಸ್ತದ್ರಿ!"
ಎಂಟು ತಿಂಗಳಾತು. ಅರ್ಧ ತಾಸಿನ ದಾರಿ. ಹೋಗಿಲ್ಲ.
ಐತವಾರ ಅರಬಿ ಒಗಿಯೂದು ಇರತದ.
ಒಣಗಿದ ಕೌದ್ಯಾಗ ಬಿಸಿಲಿನ ವಾಸನಿ ಇರತದ,
ಅದರ ಮ್ಯಾಲ ಅಡ್ಡಾಗೂದು ಇರತದ.
ಹೋಗ್ತೀನಿ. ಗುಮ್ಮಟೇನು ಎದ್ದು ಹೋಗಂಗಿಲ್ಲ.

ದ್ರಾಕ್ಷಿ ಸೀಜನ್ನಿನ್ಯಾಗ ದಸ್ತಗೀರಸಾಬರ ಶೆಡ್ಡಿಗೆ
ಹುಡುಗೂರನ ಕರಕೊಂಡು ಹೋದ್ವಿ.
ಬಲಿ ಮ್ಯಾಲ ಬಲಿ, ಅಂತಸ್ತಿನ ಮ್ಯಾಲ ಅಂತಸ್ತು,
ಹಸರು ಹಣ್ಣು ಸುಕ್ಕಾಗಿ ಮಲಗಿದ್ವು.
"ನಮ್ಮ ಅಜ್ಜ ಹರವಿ ತುಂಬ ದ್ರಾಕ್ಷಿ ರಸ
ನೆಲದಾಗ ಹುಗದು ಇಡತಿದ್ದ," ಅಂದೆ.
"ಕುಡದ್ರ ಒಂದು ರಾತ್ರಿ, ಬಾಯಿ;
ಒಣಗಿಸಿದ್ರ ಒಂದು ವರ್ಷ," ಅಂದ್ರು ಸಾಬರು,
ನನ್ನ ಬೊಗಸಿಗೆ ಮನೂಕ ಸುರುವಿ.
ಗಂಟಲು ಬಿಗೀತು, ಖರೆ. ಬಾಯಾಗ ಸಿಹಿ ಇತ್ತು.
ಎರಡೂ ಕೂಡೇ ನುಂಗಿದೆ.

ಆಗ ಆಳು ಒಂದು ಕ್ರೇಟು
ತಗಡಿನ ಮ್ಯಾಲ ಹೊಯ್ದ. ಸರ್‍ರಂತ.
ರೇವಣಸಿದ್ಧ ನಿಂತಲ್ಲೇ ನಿಂತ.
ಬಲಗಿವಿಗೆ ಮಶಿನ್ ಬಂದು ಅವತ್ತಿಗೆ ಮೂರು ದಿನ.
ಹಿಂದ ನೋಡಿದ, ಮ್ಯಾಲ ನೋಡಿದ,
ಕಡೀಕ ತಗಡು ನೋಡಿದ.
ಮತ್ತ ಹೊಯ್ಯಿ, ಅಂದವು ಅವನ ಕೈ.
ಸಾಬರು ತಾವಽ ಕ್ರೇಟು ಎತ್ತಿದ್ರು.
ಮತ್ತ. ಮತ್ತ. ಇನ್ನೊಮ್ಮೆ.
ಎಣಿಸಲಿಲ್ಲ; ಏಳಕ್ಕಿಂತ ಹೆಚ್ಚಽ.

ಆಮ್ಯಾಲ ಏನು ಮಾಡಿದ ಗೊತ್ತೇನು?
ಒಂದು ಮನೂಕ ಆರಿಸಿ ಎಡಗಿವ್ಯಾಗ ತುರಕಿಕೊಂಡು
ನನ್ನ ಮುಂದ ಬಂದು ಕಿವಿ ಕೊಟ್ಟು ನಿಂತ.
ಉಸರು ಹಿಡದು, ಚಿಮಟಾದಿಂದ ಹಗೂರಕ ತಗದೆ.
ಇಸಗೊಂಡ, ಅಂಗಿಗೆ ಒರಸಿದ,
ಬಾಯಾಗ ಒಗಕೊಂಡ, ಓಡಿ ಹೋದ.

ಅವ್ವಗ ಪತ್ರ ಬರೀಬೇಕು.
"ಅಲ್ಲಿ ಏನೇನು ಮಾಡಿದಿ?" ಅಂತ ಕೇಳ್ಯಾಳ.
ಐವತ್ತೊಂದು, ಅಂತ ಬರದು ಕುಂತೀನಿ.
ಕರೆಂಟು ಹೋತು.
ಕೆಳಗ ಒಲಿ ಬೆಳಕು.
"ತಂಬೂರಿ, ಚಾ ಆರತದ!"